ಸೈಟಿಗೆ ಖಾತೆ ಬಂತು, ರಸ್ತೆಗೆ ಬಂದಿಲ್ಲ

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಹೊರಗಿನ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಬಿ-ಖಾತಾ (ಲೇಔಟ್ ಮಂಜೂರಾತಿ ಇಲ್ಲದ ಸೈಟುಗಳನ್ನು ತೆರಿಗೆಗೆ ದಾಖಲಿಸುವ ಖಾತೆ) ಅಭಿಯಾನ ಶುರುಮಾಡಿತು. ಅಂದಿನಿಂದ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕಾರವಾರ, ಕುಮಟಾ ಕಡೆಯ ಸೈಟುದಾರರಲ್ಲಿ ಒಂದು ಗೊಂದಲ ಹಾಗೇ ಉಳಿದಿದೆ. ಖಾತೆ ಕೈಗೆ ಬಂತು, ತೆರಿಗೆ ಕಟ್ಟಿದ್ದೂ ಆಯಿತು. ಆದರೆ ಮನೆ ಮುಂದಿನ ರಸ್ತೆಗೆ ಡಾಂಬರಿಲ್ಲ, ಗಟಾರವಿಲ್ಲ, ಬೀದಿದೀಪವಿಲ್ಲ. ಕೇಳಿದರೆ ‘ಆ ರಸ್ತೆ ನಮಗೆ ಹಸ್ತಾಂತರ ಆಗಿಲ್ಲ’ ಎಂಬ ಉತ್ತರ ಬರುತ್ತದೆ. ಹಾಗಾದರೆ ಸೈಟು ಸಕ್ರಮವಾಯಿತೇ, ಇಲ್ಲವೇ? ಸೈಟು ನನ್ನದಾದರೆ ರಸ್ತೆ ಯಾರದು?

ಗೊಂದಲದ ಅರ್ಧ ಖಾತೆಯ ನಿಯಮದಲ್ಲಿದೆ. ಇನ್ನರ್ಧ ನಮ್ಮ ಊರುಗಳು ಬೆಳೆದ ರೀತಿಯಲ್ಲಿದೆ, ಅದರ ಬಗ್ಗೆ ಮಾತು ಕಡಿಮೆ. ಒಂದೊಂದೇ ಸರ್ವೆ ನಂಬರು ಬಿಡಿಬಿಡಿಯಾಗಿ ಲೇಔಟ್ ಆಗುತ್ತ ಹೋದ ಊರಿನಲ್ಲಿ ರಸ್ತೆಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಪ್ರತಿ ಲೇಔಟಿನ ರಸ್ತೆಯೂ ಮುಖ್ಯರಸ್ತೆಯಿಂದ ಹೊರಟು ಯಾರದೋ ಕಂಪೌಂಡಿಗೆ ಮುಖ ಮಾಡಿ ನಿಲ್ಲುತ್ತದೆ. ಮನೆಯನ್ನು ಕೆಡವಿ ಮತ್ತೆ ಕಟ್ಟಬಹುದು. ಹೀಗೆ ಬಿದ್ದ ಬೀದಿಯನ್ನು ಅಷ್ಟು ಸುಲಭಕ್ಕೆ ಬದಲಿಸಲು ಬರುವುದಿಲ್ಲ.

ಬಿ-ಖಾತಾ ಹೇಳುವುದೆಷ್ಟು

ಗದ್ದೆಯೋ ಬ್ಯಾಣವೋ (ಹುಲ್ಲುಗಾವಲು) ಮನೆ ಸೈಟಾಗಬೇಕಾದರೆ ಎರಡು ಮೆಟ್ಟಿಲು ಹತ್ತಬೇಕು. ಮೊದಲನೆಯದು ಭೂಪರಿವರ್ತನೆ, ಜನರ ಬಾಯಲ್ಲಿ ಎನ್‌ಎ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 95ರ ಅಡಿ ಆಗುವಂಥದ್ದು. ಎರಡನೆಯದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕಲಂ 17ರಂತೆ ಲೇಔಟ್ ನಕ್ಷೆಗೆ ಮಂಜೂರಾತಿ. ರಸ್ತೆ ಎಷ್ಟು ಅಗಲ, ಉದ್ಯಾನ ಎಲ್ಲಿ, ನಾಗರಿಕ ಸೌಲಭ್ಯಕ್ಕೆ ಜಾಗ ಎಷ್ಟು ಎಂಬುದೆಲ್ಲ ತೀರ್ಮಾನವಾಗುವುದು ಈ ಎರಡನೇ ಮೆಟ್ಟಿಲಲ್ಲಿ. ಮಂಜೂರಾದ ಲೇಔಟಿನಲ್ಲಿ ರಸ್ತೆ ಮತ್ತು ಉದ್ಯಾನದ ಜಾಗವನ್ನು ಮಾಲೀಕರು ಹಕ್ಕುಬಿಡುಗಡೆ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಪುಕ್ಕಟೆಯಾಗಿ ಬರೆದುಕೊಡಬೇಕು. ಬರೆದುಕೊಟ್ಟ ಮೇಲೆ ಅದು ಊರಿನ ರಸ್ತೆ.

ಎರಡನೇ ಮೆಟ್ಟಿಲು ಹತ್ತದೆ ‘ಮೂರು ಗುಂಟೆ, ನಾಲ್ಕು ಗುಂಟೆ’ ಎಂದು ತುಂಡು ಮಾಡಿ ಮಾರಿದ ಜಾಗಗಳೇ ಈಗಿನ ಗೊಂದಲದ ಕೇಂದ್ರ. ಅಲ್ಲಿ ಸೈಟುಗಳು ಮಾರಾಟವಾಗಿವೆ. ನಡುವೆ ಬಿಟ್ಟ 15 ಅಥವಾ 20 ಅಡಿಯ ಪಟ್ಟಿ ಯಾರಿಗೂ ಮಾರಾಟವಾಗಿಲ್ಲ. ಹಾಗಾಗಿ ಅದು ಪಹಣಿಯಲ್ಲಿ ಮೂಲ ಮಾಲೀಕರ ಹೆಸರಿನಲ್ಲೇ ಕೂತಿದೆ. ಅವರ ಕಾಲ ಮುಗಿದರೆ ಪಟ್ಟಿ ವಾರಸುದಾರರಿಗೆ ಹೋಗುತ್ತದೆ. ಇಪ್ಪತ್ತು ಮನೆಯವರು ದಿನಾ ಓಡಾಡುವ ರಸ್ತೆ ಕಾಗದದ ಮೇಲೆ ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ ಆಸ್ತಿ ಆಗಿರುವುದು ಹೀಗೆ.

2024ರ ಸೆಪ್ಟೆಂಬರ್ 10ಕ್ಕಿಂತ ಮೊದಲು ನೋಂದಣಿಯಾದ ಇಂಥ ಸೈಟುಗಳನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ ತೆರಿಗೆಯ ವ್ಯಾಪ್ತಿಗೆ ತರುವುದು ಬಿ-ಖಾತಾದ ಕೆಲಸ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನಮೂನೆ 11ಬಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮಂಜೂರಾದವಕ್ಕೆ ನಮೂನೆ 9 ಮತ್ತು 11ಎ. ಬಿ-ಖಾತಾ ಎಂದರೆ ಸಕ್ರಮ ಎಂದಲ್ಲ. ಕಟ್ಟಡ ಉಲ್ಲಂಘನೆ ಮತ್ತು ಅನಧಿಕೃತ ಬಡಾವಣೆಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮಗೊಳಿಸುವ ‘ಅಕ್ರಮ-ಸಕ್ರಮ’ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತ್ತು; ಬಿ-ಖಾತಾ ಆ ಯೋಜನೆಯ ಮುಂದುವರಿಕೆಯಲ್ಲ. ಅದು ದಾಖಲಿಸುವುದು ಸೈಟನ್ನು, ಅಂದರೆ ಮಾರಾಟವಾದ ತುಂಡನ್ನು. ಮಾರಾಟವಾಗದೆ ಉಳಿದ ಪಟ್ಟಿ ಆ ವಹಿಯಲ್ಲಿ ಎಲ್ಲಿಯೂ ಬರುವುದಿಲ್ಲ. ತನ್ನ ಆಸ್ತಿಯಲ್ಲದ ಜಾಗದ ಮೇಲೆ ನಗರಸಭೆ ಸಾರ್ವಜನಿಕ ಹಣ ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ. ಡಾಂಬರು ಬಾರದಿರುವುದಕ್ಕೆ ಕಾರಣ ಇಷ್ಟೇ.

ಒಂದು ಎಕರೆಯ ಲೆಕ್ಕ

ಮಂಜೂರಾದ ಲೇಔಟಿನಲ್ಲೂ ರಸ್ತೆ ಪಕ್ಕದ ಜಾಗಕ್ಕೆ ತೆರೆದುಕೊಳ್ಳುವುದು ಅಪರೂಪ. ಯಾಕೆಂದು ತಿಳಿಯಲು ಒಂದು ಎಕರೆಯನ್ನು ಕೈಗೆತ್ತಿಕೊಂಡು ನೋಡೋಣ.

ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. 165 ಅಡಿ ಅಗಲ, 264 ಅಡಿ ಉದ್ದದ ಜಾಗ ಎಂದುಕೊಳ್ಳಿ. ಮುಖ್ಯರಸ್ತೆ 165 ಅಡಿಯ ಬದಿಗಿದೆ. ನಡುವೆ 30 ಅಡಿ (ಸುಮಾರು 9 ಮೀಟರ್) ರಸ್ತೆ ಹಾಕಿ ಹಿಂದಿನ ಗಡಿಯವರೆಗೂ ಒಯ್ದರೆ ರಸ್ತೆಗೇ 7,920 ಚದರಡಿ, ಅಂದರೆ ಏಳೂಕಾಲು ಗುಂಟೆ ಹೋಗುತ್ತದೆ. ಅದೇ ರಸ್ತೆಯನ್ನು ಗಡಿಗಿಂತ 66 ಅಡಿ ಹಿಂದೆಯೇ ನಿಲ್ಲಿಸಿದರೆ 1,980 ಚದರಡಿ ಉಳಿಯಿತು. 30x40ರ ಒಂದೂವರೆ ಸೈಟಿಗಿಂತ ಹೆಚ್ಚು. ರಸ್ತೆಯ ತುದಿಗೆ ಅಡ್ಡಲಾಗಿ ಎರಡು ಸೈಟು ಕೂರಿಸಿ ‘ಕೊನೆಯ ಮನೆ, ಗಲಾಟೆ ಇಲ್ಲ’ ಎಂದು ಹೆಚ್ಚಿನ ಬೆಲೆಗೂ ಮಾರಬಹುದು. ಗಡಿ ಮುಟ್ಟಿಸಿದ ರಸ್ತೆಯಿಂದ ಲಾಭವಾಗುವುದು ಹಿಂದಿನ ಜಮೀನಿನವರಿಗೆ ಮತ್ತು ಊರಿಗೆ. ನಷ್ಟ ಮಾತ್ರ ಪೂರ್ತಿ ಈ ಮಾಲೀಕರದು. ಹಾಗಿರುವಾಗ ಯಾರು ತಾವಾಗಿ ಗಡಿ ಮುಟ್ಟಿಸುತ್ತಾರೆ?

ರಸ್ತೆಯನ್ನು ಗಡಿಯವರೆಗೆ ತಂದರೂ ತುದಿಯಲ್ಲಿ ಒಂದೇ ಒಂದು ಅಡಿಯ ಪಟ್ಟಿಯನ್ನು ತಮ್ಮ ಹೆಸರಿನಲ್ಲಿ ಉಳಿಸಿಕೊಳ್ಳುವುದು ಇನ್ನೊಂದು ದಾರಿ. ನಕ್ಷೆಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಮುಂದೆ ಹಿಂದಿನ ಜಮೀನು ಲೇಔಟ್ ಆಗುವಾಗ ಆ ಒಂದಡಿ ದಾಟಲು ಕೇಳಿದ ಬೆಲೆ ಕೊಡಬೇಕಾಗುತ್ತದೆ.

ಮಲೆನಾಡಿನಲ್ಲಿ ಇದಕ್ಕೆ ಸೇರುವ ಮೂರನೆಯ ಕಾರಣ ಧರೆ, ಅಂದರೆ ನೆಲ ಕಡಿದಾಗ ಗೋಡೆಯಂತೆ ಉಳಿಯುವ ಮಣ್ಣು. ಇಳಿಜಾರನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡುವುದು ಇಲ್ಲಿಯ ರೂಢಿ. ಕೆಳಗಿನ ಲೇಔಟಿನವರು ತಮ್ಮ ಜಾಗವನ್ನು ಸಪಾಟು ಮಾಡಿದಾಗ ಮೇಲಿನ ಗಡಿಯಲ್ಲಿ 15 ಅಡಿಯ ಧರೆ ಎದ್ದು ನಿಲ್ಲುತ್ತದೆ. ಹತ್ತಕ್ಕೆ ಒಂದರ ಏರಿನಲ್ಲಿ ಹತ್ತಿಸಬೇಕೆಂದರೂ 15 ಅಡಿಗೆ 150 ಅಡಿ ಉದ್ದದ ಏರುರಸ್ತೆ ಬೇಕು. ಆ 150 ಅಡಿಯ ಎರಡೂ ಬದಿಗೆ ಅಷ್ಟರಲ್ಲಿ ಮನೆ ಎದ್ದಿರುತ್ತದೆ. ಕಾಗದದಲ್ಲಿ ಎರಡೂ ರಸ್ತೆ ಒಂದೇ ಗೆರೆಯಲ್ಲಿ ಬಂದು ಸೇರಿದ್ದರೂ ನೆಲದ ಮೇಲೆ ಸೇರಲಾರವು. ಲೇಔಟ್ ನಕ್ಷೆಯ ಜೊತೆ ಗಡಿಯ ಮಟ್ಟವನ್ನೂ ಬರೆದು ತೋರಿಸಬೇಕೆಂಬ ಕಟ್ಟುನಿಟ್ಟು ಬಯಲುಸೀಮೆಗಿಂತ ನಮಗೆ ಹೆಚ್ಚು ಬೇಕು.

ಕೂಡಿದ ಬೀದಿ, ಕೂಡದ ಬೀದಿ: ಅಳೆಯುವ ಬಗೆ

ಬೀದಿಗಳು ಎಷ್ಟು ಕೂಡಿಕೊಂಡಿವೆ ಎಂಬುದನ್ನು ಅಂದಾಜಿನಲ್ಲಿ ಹೇಳಬೇಕಿಲ್ಲ, ಎಣಿಸಬಹುದು. ನಿಮ್ಮ ಬಡಾವಣೆಯ ನಕ್ಷೆ ಬಿಡಿಸಿ. ರಸ್ತೆಗಳು ಸೇರುವಲ್ಲಿ ಮತ್ತು ನಿಲ್ಲುವಲ್ಲಿ ಒಂದೊಂದು ಚುಕ್ಕೆ ಇಡಿ. ಚುಕ್ಕೆಯಿಂದ ಚುಕ್ಕೆಗೆ ಹೋಗುವ ರಸ್ತೆಯ ತುಂಡನ್ನು ಗೆರೆ ಎಂದು ಎಣಿಸಿ. ಗೆರೆಗಳನ್ನು ಚುಕ್ಕೆಗಳಿಂದ ಭಾಗಿಸಿ.

ಮರದ ಕೊಂಬೆಯಂತೆ ಕವಲೊಡೆದು ಎಲ್ಲೂ ಮರಳಿ ಸೇರದ ಜಾಲದಲ್ಲಿ ಹತ್ತು ಚುಕ್ಕೆಗೆ ಒಂಬತ್ತೇ ಗೆರೆ. ಉತ್ತರ ಯಾವಾಗಲೂ ಒಂದಕ್ಕಿಂತ ಕಡಿಮೆ. ಇಂಥ ಜಾಲದಲ್ಲಿ ಯಾವ ಗೆರೆ ಕಡಿದರೂ ಒಂದಷ್ಟು ಮನೆ ಹೊರಗೆ ಬೀಳುತ್ತವೆ: ಪೈಪು ಹಾಕಲು ಅಗೆದರೂ, ಮರ ಬಿದ್ದರೂ, ಮದುವೆಗೆ ಚಪ್ಪರ ಹಾಕಿದರೂ. ಚೌಕುಳಿ ಚೌಕುಳಿಯಾಗಿ ಹರಡಿದ ದೊಡ್ಡ ಜಾಲದಲ್ಲಿ ಉತ್ತರ ಎರಡರ ಹತ್ತಿರ ಬರುತ್ತದೆ. 1.4ರ ಆಚೆ ಬಂದರೆ ಚೆನ್ನಾಗಿ ಕೂಡಿಕೊಂಡಿದೆ ಎಂಬುದು ನಗರ ಯೋಜಕರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ.

ಎರಡನೆಯ ಅಳತೆ ಸುತ್ತು. ನಡೆಯುವ ದೂರವನ್ನು ಕಾಗೆ ಹಾರುವ ದೂರದಿಂದ ಭಾಗಿಸಿದರೆ ಸಿಗುವುದು ಅದು. ಚೌಕುಳಿ ಬೀದಿಗಳಲ್ಲಿ ಅದು ಸರಾಸರಿ 1.27, ತೀರಾ ಹೆಚ್ಚೆಂದರೆ 1.41. ಕೂಡದ ಬೀದಿಗಳಲ್ಲಿ ಇದಕ್ಕೆ ಮಿತಿಯೇ ಇಲ್ಲ. ಎರಡು ಮುಖ್ಯರಸ್ತೆಗಳ ನಡುವಿನ ಜಾಗದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಎರಡು ಲೇಔಟ್ ಇವೆ, ನಡುವೆ ಚಿರೆಕಲ್ಲಿನ ಒಂದು ಗೋಡೆ ಎನ್ನಿ. ಈ ಮನೆಯಿಂದ ಆ ಮನೆಗೆ ನೇರ 30 ಮೀಟರ್. ದಾರಿ ಹಿಡಿದರೆ ಲೇಔಟಿನಿಂದ ಹೊರಗೆ 250 ಮೀಟರ್, ವೃತ್ತದವರೆಗೆ 900, ಇನ್ನೊಂದು ರಸ್ತೆಯಲ್ಲಿ 800, ಮತ್ತೆ ಒಳಗೆ 250. ಒಟ್ಟು 2,200 ಮೀಟರ್. ಸುತ್ತು 70 ಪಟ್ಟಿಗೂ ಮಿಕ್ಕಿತು. ಆ ಮನೆಯ ಮಗು ಈ ಮನೆಗೆ ಟ್ಯೂಷನ್ನಿಗೆ ಬರಬೇಕಾದರೆ ಅಪ್ಪನೋ ಅಮ್ಮನೋ ಸ್ಕೂಟರ್ ತೆಗೆಯಬೇಕು. ಊರಿನ ನಡುವಿನ ವೃತ್ತದಲ್ಲಿ ಸಂಜೆ ಐದೂವರೆಗೆ ನಿಲ್ಲುವ ವಾಹನಗಳಲ್ಲಿ ಇಂಥ ಸ್ಕೂಟರುಗಳೂ ಸೇರಿವೆ.

ಇದು ನಮ್ಮೊಬ್ಬರ ಪಾಡಲ್ಲ. ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಆಡಂ ಮಿಲರ್ಡ್-ಬಾಲ್ ಎಂಬ ಸಂಶೋಧಕರು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ದಾಖಲಾದ ಜಗತ್ತಿನ ಬೀದಿಗಳನ್ನೆಲ್ಲ ಹೀಗೆ ಎಣಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನಸಂಖ್ಯೆಯಲ್ಲಿ ಮುಂದಿರುವ 134 ದೇಶಗಳ ಪೈಕಿ ಶೇ 90ರಲ್ಲಿ 1975ರಿಂದೀಚೆಗಿನ ಹೊಸ ಬಡಾವಣೆಗಳ ಬೀದಿಗಳು ಮೊದಲಿಗಿಂತ ಕಡಿಮೆ ಕೂಡಿಕೊಂಡಿವೆ. 2000ದ ನಂತರ ಸುಧಾರಣೆಯ ಹಾದಿಯಲ್ಲಿರುವ ದೇಶಗಳು ಶೇ 29 ಮಾತ್ರ. ಅವರು ಕಂಡುಕೊಂಡ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯವಾದದ್ದು: ಹಿಂದೆ ಕೂಡದ ಬೀದಿ ಕಟ್ಟಿದ ಊರು ಮುಂದೆಯೂ ಅಂಥದ್ದನ್ನೇ ಕಟ್ಟುತ್ತ ಹೋಗುತ್ತದೆ. ಕಾರಣ ಸರಳ. ಪಕ್ಕದ ರಸ್ತೆ ಗಡಿಯವರೆಗೆ ಬಂದಿಲ್ಲದಿದ್ದರೆ ಹೊಸ ಲೇಔಟಿಗೆ ಸೇರಿಸಿಕೊಳ್ಳಲು ರಸ್ತೆಯೇ ಇರುವುದಿಲ್ಲ.

ಶಿರಸಿ: ಎಲ್ಲರೂ ನಡುವೂರಿಗೇ ಬರಬೇಕು

ಶಿರಸಿಯ ಹಳೆಯ ಭಾಗ ವಕ್ರವಾಗಿದ್ದರೂ ಕೂಡಿಕೊಂಡಿದೆ. ರಾಯರಪೇಟೆ, ನಟರಾಜ ರಸ್ತೆ, ಸಿ.ಪಿ. ಬಜಾರದ ಸುತ್ತ ಒಂದು ಗಲ್ಲಿಯಲ್ಲಿ ವಾಹನ ಸಿಕ್ಕಿಕೊಂಡರೆ ಇನ್ನೊಂದರಲ್ಲಿ ನುಸುಳಬಹುದು. ಬೀದಿಗಳು ಕೂಡಿರಬೇಕಾದರೆ ರಸ್ತೆ ನೆಟ್ಟಗಿರಬೇಕು ಎಂದೇನೂ ಇಲ್ಲ ಎಂಬುದಕ್ಕೆ ಈ ಪೇಟೆಯೇ ಸಾಕ್ಷಿ. ಗುಡ್ಡದ ಊರಿನಲ್ಲಿ ಚೌಕುಳಿ ಎಳೆಯಲು ಹೋದರೆ ಮಣ್ಣು ಕುಸಿಯುತ್ತದೆ. ಇಳುಕಲನ್ನು ಅನುಸರಿಸಿ ಬಳಸಿ ಬಂದ ರಸ್ತೆಯೂ ಎರಡು ತುದಿ ತೆರೆದಿದ್ದರೆ ಸಾಕು.

ಹೊಸ ಭಾಗ ಬೆಳೆದದ್ದು ಬೇರೆ ರೀತಿ. ಯಲ್ಲಾಪುರ, ಹುಬ್ಬಳ್ಳಿ, ಬನವಾಸಿ, ಸಿದ್ದಾಪುರ, ಕುಮಟಾ, ಹುಲೇಕಲ್ ಕಡೆಗೆ ಹೋಗುವ ರಸ್ತೆಗಳು ಗಾಲಿಯ ಅರಗಳಂತೆ ಊರಿನಿಂದ ಹೊರಟಿವೆ. ಲೇಔಟುಗಳು ಆ ಅರಗಳಿಗೆ ಮೀನಿನ ಮುಳ್ಳಿನಂತೆ ಅಂಟಿಕೊಂಡಿವೆ. ಅರದಿಂದ ಅರಕ್ಕೆ ಅಡ್ಡ ಹೋಗುವ ದಾರಿಗಳು ಬೆರಳೆಣಿಕೆಯಷ್ಟು. ಹೀಗಾಗಿ ಊರಿನ ಅಂಚಿನಿಂದ ಅಂಚಿಗೆ ಹೋಗುವ ಪ್ರಯಾಣಿಕರೂ ಐದು ರಸ್ತೆ, ಯಲ್ಲಾಪುರ ನಾಕಾ, ದೇವಿಕೆರೆ ಸುತ್ತಮುತ್ತ ಹಾದೇ ಹೋಗಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಬಿಡಕಿಬೈಲಿನಲ್ಲಿ ಗದ್ದುಗೆ ಏರ್ಪಡುತ್ತದೆ. ಆ ದಿನಗಳಲ್ಲಿ ಊರಿನ ನಡುಚುಕ್ಕೆಯನ್ನೇ ನಕ್ಷೆಯಿಂದ ತೆಗೆದಂತೆ. ಆಗ ಸುತ್ತುದಾರಿಯ ಕೊರತೆ ಎಲ್ಲರಿಗೂ ಕಾಣುತ್ತದೆ. ಉಳಿದ ದಿನಗಳಲ್ಲೂ ಕೊರತೆ ಅಷ್ಟೇ ಇರುತ್ತದೆ, ಹಂಚಿಹೋಗಿರುವುದರಿಂದ ಲೆಕ್ಕಕ್ಕೆ ಬರುವುದಿಲ್ಲ.

ನಗರಸಭೆಯ ಗಡಿಯೂ ಒಂದು ಗೋಡೆಯೇ. ಊರಿನ ಅಂಚಿನ ಎಷ್ಟೋ ಲೇಔಟುಗಳು ಗ್ರಾಮ ಪಂಚಾಯಿತಿಗೆ ಸೇರಿದವು. ಈ ಬದಿಯ ರಸ್ತೆ ಒಂದು ಕಚೇರಿಯ ಕಡತದಲ್ಲಿ, ಆ ಬದಿಯದು ಇನ್ನೊಂದು ಕಚೇರಿಯದರಲ್ಲಿ. ನಡುವಿನ 20 ಮೀಟರ್ ಯಾರ ಕ್ರಿಯಾಯೋಜನೆಯಲ್ಲೂ ಇರುವುದಿಲ್ಲ. ಇದರ ಮೇಲೆ ನಡುನಡುವೆ ಅರಣ್ಯದ ತುಂಡುಗಳಿವೆ. ಅರಣ್ಯ ಎಂದು ದಾಖಲಾದ ನಾಲ್ಕು ಗುಂಟೆಯನ್ನು ದಾಟಿ ರಸ್ತೆ ಮಾಡಲೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಅನುಮತಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಹಳ್ಳಿಗಳ ರಸ್ತೆ, ಶಾಲೆಯಂಥ ಸೌಲಭ್ಯಕ್ಕೆ ಒಂದು ಹೆಕ್ಟೇರಿನೊಳಗೆ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಅವಕಾಶ ಕೊಟ್ಟಿದೆ. ಆದರೆ ಅದು ಲೇಔಟಿಗಾಗಿ ಮಾಡಿದ ಕಲಂ ಅಲ್ಲ, ಹಾಗೆ ಬಳಸಲೂಬಾರದು.

ಕರಾವಳಿಯಲ್ಲಿ ಗೋಡೆ ಎಂದರೆ ಹೆದ್ದಾರಿ

ಘಟ್ಟದ ಕೆಳಗೆ ಜಾಗದ ಆಕಾರವೇ ಬೇರೆ. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಗುಡ್ಡ. ನಡುವಿನ ಕಿರಿದಾದ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲ್ವೆ ಉದ್ದಕ್ಕೂ ಹಾದಿವೆ. ಕಾರವಾರದ ಗ್ರೀನ್ ಸ್ಟ್ರೀಟ್, ಪಿಕಳೆ ರಸ್ತೆಯ ಸುತ್ತಿನ ಹಳೆಯ ಪೇಟೆ ಸಾಕಷ್ಟು ಕೂಡಿಕೊಂಡಿದೆ. ಆಚೀಚೆಯ ಕೇರಿಗಳ ಓಣಿಗಳು ಮಾತ್ರ ಹೆದ್ದಾರಿಯಿಂದ ಹೊರಟು ಒಂದೋ ಹೊಯಿಗೆಯಲ್ಲಿ ಇಲ್ಲವೇ ಗುಡ್ಡದ ಬುಡದಲ್ಲಿ ನಿಲ್ಲುತ್ತವೆ.

ಹೆದ್ದಾರಿ ಚತುಷ್ಪಥವಾದ ಮೇಲೆ ಈ ಓಣಿಗಳು ಒಂದನ್ನೊಂದು ಕಳೆದುಕೊಂಡವು. ರಸ್ತೆಯ ಜಾಗ 45 ಮೀಟರ್ ಅಗಲ, ಮೀಡಿಯನ್ ತೆರಪುಗಳು ಒಂದು ಕಿಲೋಮೀಟರಿಗೆ ಒಂದು ಎಂದಿಟ್ಟುಕೊಳ್ಳಿ. ಎರಡು ತೆರಪುಗಳ ನಟ್ಟನಡುವೆ ಮನೆ ಇರುವವರು ಎದುರಿನ ಅಂಗಡಿಗೆ ಹೋಗಲು 500 ಮೀಟರ್ ಮುಂದೆ ಹೋಗಿ 500 ಮೀಟರ್ ಹಿಂದೆ ಬರಬೇಕು. 45 ಮೀಟರಿಗೆ ಒಂದು ಕಿಲೋಮೀಟರ್. ಜನ ಇದನ್ನು ಒಪ್ಪುವುದಿಲ್ಲ. ಮೀಡಿಯನ್ ಹತ್ತಿ ದಾಟುತ್ತಾರೆ, ಬೈಕಿನವರು ವಿರುದ್ಧ ದಿಕ್ಕಿನಲ್ಲಿ ಬರುತ್ತಾರೆ. ಅದನ್ನು ಶಿಸ್ತಿಲ್ಲದ ನಡತೆ ಎಂದು ದಂಡ ಹಾಕಬಹುದು. ಆದರೆ ಕೆಳಸೇತುವೆ ಮತ್ತು ಸರ್ವಿಸ್ ರಸ್ತೆ ಇಲ್ಲದ ಕಡೆ ತಪ್ಪು ಮೊದಲು ಆದದ್ದು ನಕ್ಷೆಯಲ್ಲಿ.

ಒಂದು ಗೆರೆಯ ಬೆಲೆ ಎಷ್ಟು ಎಂಬುದನ್ನು ಜಿಲ್ಲೆ 2024ರ ಮಳೆಗಾಲದಲ್ಲಿ ಎರಡು ಸಲ ಕಂಡಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಹೆದ್ದಾರಿ ದಿನಗಟ್ಟಲೆ ಬಂದಾಯಿತು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ನದಿ. ಅಲ್ಲಿ ಎರಡನೆಯ ಗೆರೆಯೇ ಇರಲಿಲ್ಲ, ದೊಡ್ಡ ವಾಹನಗಳಿಗೆ ಉಳಿದದ್ದು ಘಟ್ಟ ಹತ್ತಿ ಇಳಿಯುವ ಸುತ್ತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಇತ್ತು. ಪರಿಶೀಲನೆಯ ನಂತರ ಎರಡೂ ದಿಕ್ಕಿನ ಸಂಚಾರ ಅದರ ಮೇಲೆ ಹರಿಯಿತು. ಬಡಾವಣೆಯ ಒಳಗಿನ ಬೀದಿಗೂ ಇದೇ ಲೆಕ್ಕ, ಅಳತೆ ಮಾತ್ರ ಚಿಕ್ಕದು.

ರಸ್ತೆ ನಿಂತಲ್ಲಿ ನೀರೂ ನಿಲ್ಲುತ್ತದೆ

ಬೀದಿಯ ಕೆಳಗೆ ಮತ್ತು ಮೇಲೆ ಹೋಗುವುದೆಲ್ಲ ಬೀದಿಯ ಆಕಾರವನ್ನೇ ಪಡೆಯುತ್ತದೆ. ಕೆಂಗ್ರೆ, ಮಾರಿಗದ್ದೆಯಿಂದ ಪಂಪಾಗಿ ಶಿರಸಿಗೆ ಬರುವ ನೀರು ಡೆಡ್ ಎಂಡ್ ರಸ್ತೆಯ ಕೊನೆಯ ಪೈಪಿನಲ್ಲಿ ಮುಂದೆ ಹೋಗಲು ದಾರಿಯಿಲ್ಲದೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಕ್ಲೋರಿನ್ ಅಂಶ ಇಳಿಯುತ್ತದೆ, ಮಣ್ಣು ತಳಕ್ಕೆ ಕೂರುತ್ತದೆ. ವಾಲ್ವ್ ಬಿಟ್ಟ ಮೊದಲ ಹತ್ತು ನಿಮಿಷ ಕೊನೆಯ ಮನೆಗೆ ಕೆಂಪು ನೀರು ಬರುವುದು ಇದರಿಂದ. ಪೈಪು ಸುತ್ತು ಬಂದು ಸೇರಿದ್ದರೆ ಒಡೆದ ತುಂಡನ್ನು ಎರಡು ವಾಲ್ವ್ ಮುಚ್ಚಿ ಬೇರ್ಪಡಿಸಿ ಉಳಿದವರಿಗೆ ಇನ್ನೊಂದು ಕಡೆಯಿಂದ ನೀರು ಕೊಡಬಹುದು. ಕೊಂಬೆಯಾಗಿದ್ದರೆ ಒಡೆದಲ್ಲಿಂದ ಮುಂದಿನ ಎಲ್ಲ ಮನೆಗಳಿಗೂ ಕೊಡವೇ ಗತಿ. ಇನ್ನೇನು ಮಾಡಲೂ ಆಗದ ಕಡೆ ಪೈಪಿನ ತುದಿಗೆ ನಿಂತ ನೀರನ್ನು ಹೊರಬಿಡುವ ವಾಶ್‌ಔಟ್ ವಾಲ್ವ್ ಒಂದನ್ನಾದರೂ ಇಟ್ಟು ಆಗಾಗ ಬಿಡಬೇಕು.

ಮಳೆನೀರಿನದು ಇನ್ನೂ ದೊಡ್ಡ ಕಥೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲೇ. ಇಳುಕಲಿನಲ್ಲಿ ಹಾಕಿದ ರಸ್ತೆಯ ಗಟಾರ ತಗ್ಗಿನ ತುದಿಯಲ್ಲಿ ಕಂಪೌಂಡಿಗೆ ಬಂದು ನಿಂತರೆ ನೀರು ಆ ಗೋಡೆಯನ್ನೇ ತಳ್ಳುತ್ತದೆ. ಗೋಡೆ ಬೀಳುವುದು ಆಷಾಢದಲ್ಲಿ, ಜಗಳ ಶುರುವಾಗುವುದು ಮರುದಿನ. ಅಸಲಿಗೆ ನೀರಿಗೂ ಹೊರದಾರಿ ಬಿಡದ ಲೇಔಟ್ ನಕ್ಷೆಯದು ಆ ತಪ್ಪು.

ಕಸದ ಗಾಡಿ, ಆಂಬುಲೆನ್ಸ್, ಅಗ್ನಿಶಾಮಕ ವಾಹನದ ಮಾತು ಸ್ಪಷ್ಟವೇ ಇದೆ. 20 ಅಡಿ ರಸ್ತೆಯಲ್ಲಿ ಒಂದು ಕಾರು ನಿಂತಿದ್ದರೆ ಉಳಿಯುವುದು 14 ಅಡಿ ಚಿಲ್ಲರೆ. ಏಳೆಂಟು ಮೀಟರ್ ಉದ್ದದ ವಾಹನ ಅಲ್ಲಿ ತಿರುಗಲಾರದು, ಹಿಮ್ಮುಖವಾಗಿಯೇ ಹೊರಬರಬೇಕು.

ಯಾರ ವಾದ ಏನು

ರಸ್ತೆ ಕೂಡಿಸುವ ಮಾತೆತ್ತಿದರೆ ಮೊದಲ ವಿರೋಧ ಬರುವುದು ಅಲ್ಲಿ ವಾಸವಾಗಿರುವವರಿಂದಲೇ. ಡೆಡ್ ಎಂಡ್ ರಸ್ತೆ ಶಾಂತ, ಮಕ್ಕಳು ಆಡಬಹುದು, ಗುರುತಿಲ್ಲದವರು ಬಂದರೆ ಗೊತ್ತಾಗುತ್ತದೆ. ರಸ್ತೆ ತೆರೆದರೆ ಟಿಪ್ಪರುಗಳು ಅಡ್ಡದಾರಿ ಹಿಡಿಯುತ್ತವೆ. ಇದು ಸುಳ್ಳು ಭಯವಲ್ಲ. ಹತ್ತು ಲೇಔಟ್‌ಗಳ ಪೈಕಿ ಒಂದೇ ತೆರೆದುಕೊಂಡರೆ ಹತ್ತರ ಹೊರೆಯೂ ಅದರ ಮೇಲೆ ಬೀಳುತ್ತದೆ. ಹತ್ತೂ ತೆರೆದರೆ ಹಂಚಿಹೋಗುತ್ತದೆ. ಆದರೆ ಮೊದಲು ತೆರೆಯುವವರು ಯಾರು ಎಂಬಲ್ಲಿ ಎಲ್ಲ ನಿಲ್ಲುತ್ತದೆ.

ಜಮೀನಿನ ಮಾಲೀಕರ ಮಾತು: ಊರಿಗೆ ಬೇಕಾದ ರಸ್ತೆಗೆ ನನ್ನ ಎರಡು ಗುಂಟೆ ಪುಕ್ಕಟೆ ಯಾಕೆ? ಜಾಗ ಬಿಟ್ಟವರಿಗೆ ಹೆಚ್ಚುವರಿ ಕಟ್ಟುವ ಹಕ್ಕು ಕೊಡುವ ಟಿಡಿಆರ್ ವ್ಯವಸ್ಥೆ ಯೋಜನಾ ಕಾಯ್ದೆಯ ಕಲಂ 14ಬಿಯಲ್ಲಿದೆ. ಬೆಂಗಳೂರಿನಲ್ಲಿ ಅದಕ್ಕೆ ಕೊಳ್ಳುವವರಿದ್ದಾರೆ. ಇರುವ ಹಕ್ಕಿನಷ್ಟೇ ಮಹಡಿ ಕಟ್ಟದ ನಮ್ಮ ಊರುಗಳಲ್ಲಿ ಆ ಕಾಗದಕ್ಕೆ ಗಿರಾಕಿ ಸಿಗುವುದು ಕಷ್ಟ. ಗುಜರಾತಿನಲ್ಲಿ ಇದಕ್ಕೆ ಬೇರೆ ದಾರಿ ರೂಢಿಯಲ್ಲಿದೆ: ಒಂದು ಪ್ರದೇಶದ ಎಲ್ಲ ಜಮೀನುಗಳನ್ನೂ ನಕ್ಷೆಯಲ್ಲಿ ಒಟ್ಟುಗೂಡಿಸಿ, ಎಲ್ಲರಿಂದಲೂ ಒಂದು ಪಾಲು ರಸ್ತೆಗೆ ತೆಗೆದು, ಉಳಿದದ್ದನ್ನು ಸರಿಯಾದ ಆಕಾರದಲ್ಲಿ ಮರಳಿಸುವುದು. ನಷ್ಟ ಒಬ್ಬರ ತಲೆಗೆ ಬೀಳುವುದಿಲ್ಲ. ನಮ್ಮ ಕಾಯ್ದೆಯಲ್ಲೂ ನಗರ ಯೋಜನಾ ಸ್ಕೀಮಿನ ಅಧ್ಯಾಯವೇ ಇದೆ. ನನ್ನ ಅಭಿಪ್ರಾಯದಲ್ಲಿ ಶಿರಸಿಯಂಥ ಊರಿನ ಅಂಚಿಗೆ ಅತಿ ನ್ಯಾಯವಾದ ದಾರಿ ಇದು. ಆದರೆ ಇದಕ್ಕೆ ಜಮೀನು ಬಿಡಿಬಿಡಿಯಾಗಿ ಎನ್‌ಎ ಆಗುವ ಮೊದಲೇ ಕೂರಬೇಕು.

ಬಿ-ಖಾತಾ ಕೊಡುವುದೇ ತಪ್ಪು, ತಪ್ಪಿಗೆ ಬಹುಮಾನ ಕೊಟ್ಟಂತೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ, ಆದರೆ ಶಿಕ್ಷೆ ಹೋಗುವುದು ಮಾರಿ ಹೋದವರಿಗಲ್ಲ, ಸಾಲ ಮಾಡಿ ಕೊಂಡವರಿಗೆ. ಖಾತೆ ತಡೆದರೆ ರಸ್ತೆ ಕೂಡುವುದಿಲ್ಲ. ಖಾತೆಗೆಂದು ಒಂದೇ ಸರ್ವೆ ನಂಬರಿನ ಇಪ್ಪತ್ತು ಸೈಟುದಾರರ ಅರ್ಜಿ ಒಂದೇ ಕಚೇರಿಗೆ ಬರುವ ಈ ಹೊತ್ತು ಮಾತ್ರ ಮತ್ತೆ ಸಿಗುವಂಥದ್ದಲ್ಲ. ಆಗಲೇ ಅದೇ ಕಡತದಲ್ಲಿ ‘ಈ ಸೈಟುಗಳ ರಸ್ತೆ ಇರುವ ಜಾಗ ಯಾರ ಪಹಣಿಯಲ್ಲಿದೆ’ ಎಂದು ಗುರುತಿಸಿ, ಮೂಲ ಮಾಲೀಕರು ಇರುವಾಗಲೇ ಅದನ್ನು ಬರೆಸಿಕೊಳ್ಳಬೇಕು. ಖಾಸಗಿ ಬೀದಿಯನ್ನು ಸಾರ್ವಜನಿಕ ಬೀದಿಯೆಂದು ಘೋಷಿಸುವ ಅಧಿಕಾರ ಪುರಸಭಾ ಕಾಯ್ದೆಯಲ್ಲಿದೆ, ಆದರೆ ಮಾಲೀಕರ ಸಹಿ ಇದ್ದರೆ ಕೆಲಸ ತಿಂಗಳುಗಳಲ್ಲಿ ಮುಗಿಯುತ್ತದೆ, ಇಲ್ಲದಿದ್ದರೆ ನ್ಯಾಯಾಲಯದಲ್ಲಿ ವರ್ಷಗಳು ಹೋಗುತ್ತವೆ.

ದಣಪೆಯ ಲೆಕ್ಕ

ಎಲ್ಲ ಗೋಡೆಯನ್ನೂ ಒಡೆದು ಕಾರು ಬಿಡಬೇಕಿಲ್ಲ. ನಮ್ಮ ಹಳ್ಳಿಗಳ ಬೇಲಿಗಳಲ್ಲಿ ದಣಪೆ ಇರುತ್ತದೆ: ಮನುಷ್ಯ ದಾಟುತ್ತಾನೆ, ದನ ದಾಟುವುದಿಲ್ಲ. ಬಡಾವಣೆಗೂ ಇದೇ ಸಾಕು. ನಡೆಯುವವರು, ಸೈಕಲ್ಲಿನವರು ದಾಟಬೇಕು. ಕಾರು, ಟಿಪ್ಪರು ದಾಟಬಾರದು. ನೆದರ್‌ಲ್ಯಾಂಡ್ಸಿನ ಹೌಟನ್ ಎಂಬ ಊರನ್ನು ಈ ತತ್ವದ ಮೇಲೇ ಕಟ್ಟಿದ್ದಾರೆ; ಅಲ್ಲಿ ಸೈಕಲ್ಲಿಗೆ ಊರೊಳಗಿನ ನೇರ ದಾರಿ, ಕಾರಿಗೆ ಹೊರಗಿನ ವರ್ತುಲ ರಸ್ತೆ. ಹೀಗೆ ಮಾಡಿದರೆ ನಿವಾಸಿಗಳ ಶಾಂತಿಯೂ ಉಳಿಯುತ್ತದೆ, ಟ್ಯೂಷನ್ನಿನ ಮಗುವಿಗೆ 2,200 ಮೀಟರಿನ ಬದಲು 30 ಮೀಟರ್ ದಾರಿಯೂ ಸಿಗುತ್ತದೆ.

ಇದಕ್ಕೆ ಬೇಕಾದ ಜಾಗ ಹತ್ತು ಅಡಿ ಅಗಲದ ಪಟ್ಟಿ. 40 ಅಡಿ ಆಳದ ಸೈಟಿನ ಪಕ್ಕದಲ್ಲಿ ಹಾದರೆ 400 ಚದರಡಿ, ಒಂದೊಂದು ಲೇಔಟಿಗೆ ಗುಂಟೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಎರಡು ಕಂಬಗಳ ನಡುವೆ ನಾಲ್ಕರಿಂದ ಐದು ಅಡಿಯ ತೆರಪು ಇಟ್ಟರೆ ಗಾಲಿಕುರ್ಚಿ ಹೋಗುತ್ತದೆ, ಕಾರು ಹೋಗುವುದಿಲ್ಲ. ಕಂಬಗಳಲ್ಲಿ ಒಂದು ಬೀಗ ಹಾಕಿ ತೆಗೆಯುವಂಥದ್ದಾಗಿದ್ದರೆ ಆಂಬುಲೆನ್ಸಿಗೂ ಆಯಿತು. ನೀರಿನ ಪೈಪು ಮತ್ತು ಗಟಾರ ಇದರ ಕೆಳಗೇ ಹಾದು ಆಚೆಯ ಬೀದಿಯದಕ್ಕೆ ಸೇರಬೇಕು. ಎರಡೂ ತುದಿಗೆ ದೀಪ ಇರಲೇಬೇಕು, ಇಲ್ಲದಿದ್ದರೆ ಸಂಜೆಯ ನಂತರ ಹೆಂಗಸರು ಅಲ್ಲಿ ಕಾಲಿಡುವುದಿಲ್ಲ.

ಬಾಯಿಮಾತಿನ ದಾರಿ ಉಳಿಯುವುದಿಲ್ಲ. ಪಟ್ಟಿಗೆ ಮೋಜಿಣಿಯಲ್ಲಿ (ಭೂಮಾಪನ ಇಲಾಖೆಯ ಅರ್ಜಿ ವ್ಯವಸ್ಥೆ) ಅರ್ಜಿ ಹಾಕಿ 11ಇ ನಕ್ಷೆ, ಅಂದರೆ ಬೇರೆಯಾಗುವ ತುಂಡಿನ ಅಳತೆ ನಕ್ಷೆ ಮಾಡಿಸಬೇಕು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಗರಸಭೆ ಅಥವಾ ಪಂಚಾಯಿತಿಯ ಹೆಸರಿಗೆ ದಾನಪತ್ರ ನೋಂದಣಿ ಮಾಡಿಸಬೇಕು, ಸಭೆಯಲ್ಲಿ ಸ್ವೀಕಾರದ ಠರಾವು ಆಗಬೇಕು, ಆಸ್ತಿ ವಹಿಯಲ್ಲಿ ನಮೂದು ಬೀಳಬೇಕು. ಇಪ್ಪತ್ತು ವರ್ಷ ಓಡಾಡಿದ್ದೇವೆ, ಆದ್ದರಿಂದ ಹಕ್ಕು ಎಂಬ ವಾದಕ್ಕೆ 1882ರ ಈಸ್‌ಮೆಂಟ್ ಕಾಯ್ದೆಯ ಕಲಂ 15ರ ಆಧಾರ ಇದೆ ನಿಜ. ಅದನ್ನು ಸಾಬೀತು ಮಾಡಬೇಕಾದದ್ದು ಸಿವಿಲ್ ಕೋರ್ಟಿನಲ್ಲಿ. ಬೇರೆ ದಾರಿಯೇ ಇಲ್ಲದ್ದರಿಂದ ಬಂದ ಅನಿವಾರ್ಯದ ಹಕ್ಕಾದರೆ, ಇನ್ನೊಂದು ದಾರಿ ಸಿಕ್ಕ ದಿನ ಅದು ಮುಗಿಯುತ್ತದೆ.

ಸೈಟು ಕೊಳ್ಳುವವರು ನೋಡಬೇಕಾದ ತುದಿ

ಕೊಳ್ಳುವವರು ಸೈಟಿನ ಮೂಲೆಕಲ್ಲು ನೋಡುತ್ತಾರೆ, ವಾಸ್ತು ನೋಡುತ್ತಾರೆ. ರಸ್ತೆಯ ಕೊನೆಯವರೆಗೆ ನಡೆದುಹೋಗಿ ನೋಡುವವರು ಕಡಿಮೆ. ಮೊದಲು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರಿನ ಸುತ್ತಮುತ್ತ ನೋಡಿ, ಗ್ರಾಮನಕಾಶೆಯಲ್ಲಿ ಗಾಡಿದಾರಿ ಅಥವಾ ಕಾಲುದಾರಿ ಇದೆಯೇ ಪರೀಕ್ಷಿಸಬೇಕು. ನಕಾಶೆ ಕಂಡ ದಾರಿ ಭೂಕಂದಾಯ ಕಾಯ್ದೆಯ ಕಲಂ 67ರ ಪ್ರಕಾರ ಸರ್ಕಾರದ್ದು. ಅದನ್ನು ಯಾರೂ ಲೇಔಟಿನೊಳಗೆ ನುಂಗುವಂತಿಲ್ಲ. ಆಮೇಲೆ ಕ್ರಯಪತ್ರದ ಚೆಕ್ಕುಬಂದಿ ಓದಬೇಕು. ‘ಪಶ್ಚಿಮಕ್ಕೆ: 20 ಅಡಿ ರಸ್ತೆ’ ಎಂದಷ್ಟೇ ಇದ್ದರೆ ಆ 20 ಅಡಿಯ ಪಹಣಿ ತೆಗೆಸಿ ಹೆಸರು ನೋಡಬೇಕು. ‘ಪೂರ್ವಕ್ಕೆ: ಇದೇ ಸರ್ವೆ ನಂಬರಿನ ಉಳಿದ ಭಾಗ’ ಎಂದಿದ್ದರೆ ಆ ಉಳಿದ ಭಾಗ ಮುಂದೆ ಏನಾಗಲಿದೆ ಎಂದು ಕೇಳಬೇಕು. ಹಕ್ಕುಬಿಡುಗಡೆ ಪತ್ರದ ನೋಂದಣಿ ಸಂಖ್ಯೆ ಕೇಳಿ ಬರೆದುಕೊಳ್ಳಬೇಕು. ‘ಮುಂದೆ ಮಾಡಿಕೊಡುತ್ತೇವೆ’ ಎಂಬ ಮಾತಿಗೆ ಬೆಲೆಯಿಲ್ಲ.

ಕೊನೆಗೆ ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದು ರಸ್ತೆಯ ತುದಿಗೆ ಹೋಗಿ ಟೇಪು ಹಿಡಿಯಬೇಕು: ರಸ್ತೆ ನಿಂತಲ್ಲಿಗೂ ಗಡಿಕಲ್ಲಿಗೂ ನಡುವೆ ಒಂದಡಿ ಉಳಿದಿದೆಯೇ, ಉಳಿದಿದ್ದರೆ ಯಾರ ಹೆಸರಿನಲ್ಲಿ.